ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ರೊಟ್ಟಿ



ಮುಳವಾಡದ ಕಡೆಯ ಒಂದು ರೈತ ಕುಟುಂಬವನ್ನು ಕಣ್ಣ ಮುಂದೆ ತಂದುಕೊಳ್ಳಿ. ನಸುಕಿನಲ್ಲೇ ಎದ್ದು ಬಿಳಿಜೋಳದ ಹೊಲಕ್ಕೆ ಹೋಗುತ್ತಿದ್ದ ಯಜಮಾನ ಎರಡು ತಿಂಗಳಿಂದ ಹೊರಸು ಬಿಟ್ಟು ಏಳುತ್ತಿಲ್ಲ. ಊಟ ರುಚಿಸದು, ನಿದ್ರೆ ಬಾರದು, ಭಾನುವಾರದ ಬಲಿಪೂಜೆಗೂ ಅವನಿಲ್ಲ. ಹೆಂಡತಿ 'ಮೈಗಳ್ಳತನ' ಎನ್ನುತ್ತಾಳೆ. ತಾಯಿ 'ಯಾರದೋ ಕಣ್ಣು ಬಿದ್ದಿದೆ' ಎನ್ನುತ್ತಾಳೆ. ನೆರೆಯವರು 'ವಿಶ್ವಾಸ ಕಡಿಮೆಯಾಗಿದೆ' ಎನ್ನುತ್ತಾರೆ. ಎಲ್ಲರೂ ಅವನ ಹಿತ ಬಯಸುವವರೇ. ಆದರೆ ಮೂರೂ ತೀರ್ಪುಗಳು ತಪ್ಪಾಗಿರಬಹುದಲ್ಲವೇ?

ಮನುಷ್ಯ ಹೀಗೇಕೆ ವರ್ತಿಸುತ್ತಾನೆ ಎಂದು ಕ್ರಮವಾಗಿ ಅಭ್ಯಾಸ ಮಾಡುವುದೇ ಮನಶ್ಶಾಸ್ತ್ರ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಇದಕ್ಕೆಂದೇ ಪ್ರಯೋಗಶಾಲೆ ತೆರೆದರು. ನಮ್ಮ ನಾಡಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು.

ಒಂದೇ ಮನೆಯೊಳಗೆ ಹಲವು ಕಿಟಕಿಗಳಿಂದ ಇಣುಕಿದಂತೆ ಈ ಶಾಸ್ತ್ರಕ್ಕೆ ಹಲವು ದೃಷ್ಟಿಗಳಿವೆ. ಫ್ರಾಯ್ಡ್ ಅನುಯಾಯಿಗಳು ಬಾಲ್ಯದ ಗಾಯಗಳನ್ನು ಹುಡುಕುತ್ತಾರೆ. ಸ್ಕಿನ್ನರ್ ಪಂಥದವರು ಯಾವ ನಡತೆಗೆ ಯಾವ ಬಹುಮಾನ, ಯಾವ ಶಿಕ್ಷೆ ಸಿಕ್ಕಿದೆ ಎಂದು ನೋಡುತ್ತಾರೆ. ಕಾರ್ಲ್ ರೋಜರ್ಸ್ ಅವರಂಥವರು ತೀರ್ಪು ಕೊಡದೆ ಕೇಳಿಸಿಕೊಳ್ಳುವುದೇ ಗುಣಪಡಿಸುತ್ತದೆ ಎಂದರು. ಇನ್ನು ಕೆಲವರು ಅವನು ತನ್ನ ಬಗ್ಗೆ ತಾನೇ ಏನೆಂದುಕೊಳ್ಳುತ್ತಾನೆ ಎಂದು ಕೇಳುತ್ತಾರೆ. ನಾವು ಹೆಚ್ಚಾಗಿ ಮುಚ್ಚಿಯೇ ಇಡುವ ಕಿಟಕಿ ಒಂದಿದೆ. ಅದು ದೇಹದ ಕಿಟಕಿ.

ನಮ್ಮ ಮಿದುಳಿನ ತೂಕ ಸುಮಾರು 1,400 ಗ್ರಾಂ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶದೊಳಗೆ ಸಂದೇಶ ವಿದ್ಯುತ್ತಾಗಿ ಹರಿಯುತ್ತದೆ; ಮುಂದಿನ ಕೋಶಕ್ಕೆ ಅದನ್ನು ಹೆಚ್ಚಾಗಿ ಸೆರೊಟೋನಿನ್, ಡೋಪಮಿನ್‌ನಂಥ ರಾಸಾಯನಿಕಗಳು ದಾಟಿಸುತ್ತವೆ. ನಿದ್ರೆ, ಹಸಿವು, ಉತ್ಸಾಹ, ಸಿಟ್ಟು ಎಲ್ಲವೂ ಈ ದಾಟುವಿಕೆಗೆ ಕಟ್ಟುಬಿದ್ದಿವೆ. 1848ರಲ್ಲಿ ಅಮೆರಿಕದ ಫಿನಿಯಸ್ ಗೇಜ್ ಎಂಬ ರೈಲ್ವೆ ಮೇಸ್ತ್ರಿಯ ತಲೆಯನ್ನು ಕಬ್ಬಿಣದ ಸಲಾಕೆಯೊಂದು ತೂರಿಹೋಯಿತು. ಆತ ಬದುಕಿದ, ಆದರೆ ಸ್ವಭಾವ ಬದಲಾಯಿತೆಂದು ಅವನನ್ನು ನೋಡಿಕೊಂಡ ವೈದ್ಯರು ಬರೆದರು. ಥೈರಾಯ್ಡ್ ಗ್ರಂಥಿ ಸೋತರೂ ಮನಸ್ಸು ಮಂಕಾಗುತ್ತದೆ. ಖಿನ್ನತೆ ಎಂಬ ಕಾಯಿಲೆಯಲ್ಲಿ ವಂಶವಾಹಿ, ಮಿದುಳು, ಸಾಲದ ಚಿಂತೆ, ಒಂಟಿತನ ಎಲ್ಲವೂ ಹೆಣೆದುಕೊಂಡಿರುತ್ತವೆ. ಅದು ಮೈಗಳ್ಳತನವಲ್ಲ.

'ಹಾಗಾದರೆ ಎಲ್ಲವೂ ಮಿದುಳಿನ ಆಟ, ಪಾಪವೇ ಇಲ್ಲವೆ?' ಎಂದು ನೀವು ಕೇಳಬಹುದು. ಹಾಗಲ್ಲ. ದೇಹವೂ ಆತ್ಮವೂ ಸೇರಿ ಒಬ್ಬನೇ ಮನುಷ್ಯ ಎಂಬುದು ಧರ್ಮಸಭೆಯ ಬೋಧನೆ. 1992ರಲ್ಲಿ ಪ್ರಕಟವಾದ ಧರ್ಮೋಪದೇಶ ಗ್ರಂಥವೂ ಭಯ, ರೂಢಿ, ಮಾನಸಿಕ ಕಾರಣಗಳು ಮನುಷ್ಯನ ಹೊಣೆಯನ್ನು ಕುಗ್ಗಿಸಬಲ್ಲವೆಂದು ತಿಳಿಸುತ್ತದೆ. ಕಾಲು ಮುರಿದವನನ್ನು ನಾವು ಓಡು ಎನ್ನುವುದಿಲ್ಲ, ಕಟ್ಟು ಹಾಕಿಸುತ್ತೇವೆ. ಚಿಕಿತ್ಸೆಯೂ ಹಾಗೆಯೇ, ಅದು ಅವನ ಸ್ವಾತಂತ್ರ್ಯವನ್ನು ಅವನಿಗೆ ಮರಳಿಸುತ್ತದೆ.

ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯವನ್ನು ಮನೆಯಲ್ಲಿ ಓದಿರಿ. ಜೆಜೆಬೇಲಳಿಗೆ ಹೆದರಿ ಓಡಿದ ಪ್ರವಾದಿ ಎಲೀಯ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು ಸಾವನ್ನೇ ಬೇಡುತ್ತಾನೆ. ದೇವರು ಅವನನ್ನು ಗದರಲಿಲ್ಲ. ನಿದ್ರೆ ಮಾಡಲು ಬಿಟ್ಟರು. ದೂತನ ಕೈಯಲ್ಲಿ ರೊಟ್ಟಿ, ನೀರು ಕಳುಹಿಸಿದರು, ಒಮ್ಮೆಯಲ್ಲ, ಎರಡು ಸಲ. ಬೆಟ್ಟದ ಮೇಲಿನ ಮಾತುಕತೆ ಆಮೇಲೆ ಬಂತು.

ನಾವೂ ಆ ಕ್ರಮವನ್ನೇ ಹಿಡಿಯೋಣ. ದುಃಖ, ನಿರಾಸಕ್ತಿ ಎರಡು ವಾರ ದಾಟಿದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಿತು. ಆ ಮಾದರಿಯಿಂದಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ನಮ್ಮ ಭಾಗಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯೂ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮಾತ್ರೆ ಫಲ ಕೊಡಲು ಕೆಲವು ವಾರ ಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಸಾಯುವ ಮಾತಾಡಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ, ಒಬ್ಬನನ್ನೇ ಬಿಡಬೇಡಿ, ಹೊಲದ ಔಷಧವನ್ನು ಬೀಗ ಹಾಕಿಡಿ. ಜಪಸರವೂ ನಡೆಯಲಿ, ಮಾತ್ರೆಯೂ ನಡೆಯಲಿ. ಒಂದು ಇನ್ನೊಂದಕ್ಕೆ ವೈರಿಯಲ್ಲ.

ಕುಟುಂಬದಲ್ಲಿ ಚರ್ಚಿಸಲು:
1. ನಮ್ಮಲ್ಲಿ ಯಾರನ್ನಾದರೂ 'ಸೋಮಾರಿ' ಎಂದು ಕರೆದು ಅವರ ನೋವನ್ನು ಕಾಣದೆ ಹೋಗಿದ್ದೇವೆಯೇ?
2. ಎಲೀಯನಿಗೆ ದೂತನು ಮಾಡಿದಂಥ ಸೇವೆಯನ್ನು ಈ ವಾರ ನಾವು ಯಾರಿಗೆ ಮಾಡಬಹುದು?

ಪ್ರಾರ್ಥನೆ: ನಮ್ಮ ದೇಹವನ್ನೂ ಮನಸ್ಸನ್ನೂ ಸೃಷ್ಟಿಸಿದ ತಂದೆಯೇ, ಬಳಲಿದವರನ್ನು ತೀರ್ಪು ಮಾಡದೆ ಎತ್ತಿ ಕೂಡಿಸುವ ಕೈಗಳನ್ನು ನಮಗೆ ಕೊಡಿರಿ. ಆಮೆನ್.