ಹೊಗೆಯ ಲೆಕ್ಕ ಕೇಳಿ ಕೊಳ್ಳಿ: ಹೈದರಾಬಾದಿನ ಗ್ರಾಹಕರಿಗೆ ಹಂತ ಹಂತವಾಗಿ

ಮಾರ್ಚ್ ಕಾಲಿಟ್ಟರೆ ಹೈದರಾಬಾದಿನ ಎಸಿ ಅಂಗಡಿಗಳಲ್ಲಿ ನೂಕುನುಗ್ಗಲು. ಎಲ್ಲಿ ನೋಡಿದರೂ ಎಲೆಯ ಚಿತ್ರ, ‘ಇಕೋ’, ‘ಗ್ರೀನ್’ ಎಂಬ ಹೆಸರು. ಈ ಕಂಪನಿಯವರಲ್ಲಿ ಹವಾಮಾನ ಬದಲಾವಣೆಯನ್ನು ನಿಜಕ್ಕೂ ಮನಸ್ಸಿಗೆ ಹಚ್ಚಿಕೊಂಡವರು ಯಾರು, ಬರೀ ಹಸಿರು ಬಣ್ಣ ಬಳಿದುಕೊಂಡವರು ಯಾರು ಎಂದು ತಿಳಿಯಲು ನೀವು ವಿಜ್ಞಾನ ಓದಿರಬೇಕಿಲ್ಲ. ಅಂಕಿ ಎಲ್ಲಿ ಬರೆದಿರುತ್ತದೆ, ಅದನ್ನು ಹೇಗೆ ಓದಬೇಕು ಎಂದು ಗೊತ್ತಿದ್ದರೆ ಸಾಕು.

ಹಂತ 1: ದೊಡ್ಡದರಿಂದ ಶುರು ಮಾಡಿ

ಬಹಳ ಜನ ಬಟ್ಟೆಚೀಲ, ಬಿದಿರಿನ ಟೂತ್‌ಬ್ರಷ್‌ಗಳಿಂದ ಶುರು ಮಾಡುತ್ತಾರೆ. ಒಳ್ಳೆಯದೇ, ಆದರೆ ಮನೆಯ ಹೊಗೆಯ ಬಹುಪಾಲು ಅಲ್ಲಿಲ್ಲ. ನಮ್ಮ ಕರೆಂಟಿನ ದೊಡ್ಡ ಭಾಗ ರಾಮಗುಂಡಂನಂಥ ಕಡೆ ಕಲ್ಲಿದ್ದಲು ಸುಟ್ಟು ಬರುವುದು. ದೇಶದ ಸರಾಸರಿ ಹಿಡಿದರೆ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಹಾಗಾಗಿ ಹತ್ತು ಹದಿನೈದು ವರ್ಷ ಕರೆಂಟು ಕುಡಿಯುವ ವಸ್ತುಗಳಿಗೆ ಮೊದಲ ಗಮನ: ಎಸಿ, ಫ್ರಿಜ್ಜು, ಫ್ಯಾನು, ಗೀಸರು.

ಫ್ಯಾನನ್ನೇ ನೋಡಿ. ಹಳೆಯದು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಮೋಟಾರಿನದು 30 ವ್ಯಾಟ್‌ನ ಆಸುಪಾಸು. ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 300 ದಿನ ತಿರುಗಿದರೆ ಒಂದೇ ಫ್ಯಾನಿನಲ್ಲಿ 162 ಯೂನಿಟ್ ಉಳಿತಾಯ, ಎಂದರೆ 113 ಕೆ.ಜಿ. ಇಂಗಾಲದ ಡೈಆಕ್ಸೈಡ್ ಕಡಿಮೆ. ಅದೂ ಒಂದೇ ವರ್ಷದಲ್ಲಿ.

ಹಂತ 2: ಕೊಳ್ಳಲೇಬೇಕೇ ಎಂದು ಕೇಳಿಕೊಳ್ಳಿ

ಮೊಬೈಲು, ಲ್ಯಾಪ್‌ಟಾಪ್‌ಗಳ ಹೊಗೆಯಲ್ಲಿ ಹೆಚ್ಚಿನದು ಅವು ತಯಾರಾಗುವಾಗಲೇ ಎದ್ದಿರುತ್ತದೆ. ಅವುಗಳ ಆಯಸ್ಸು ಎರಡು ವರ್ಷ ಹೆಚ್ಚಿಸುವುದೇ ದೊಡ್ಡ ಕೆಲಸ. ಅಬಿಡ್ಸ್‌ನ ಜಗದೀಶ್ ಮಾರ್ಕೆಟ್ಟಿನಲ್ಲಿ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಕೈ ಪಳಗಿದ ರಿಪೇರಿಯವರಿದ್ದಾರೆ. ಕೊಳ್ಳುವಾಗ ಕಂಪನಿ ಬಿಡಿಭಾಗಗಳನ್ನು ಎಷ್ಟು ವರ್ಷ ಒದಗಿಸುತ್ತದೆ ಎಂದು ಕೇಳಿ. ಗ್ರಾಹಕ ವ್ಯವಹಾರಗಳ ಇಲಾಖೆಯ ‘ರೈಟ್ ಟು ರಿಪೇರ್’ ಪೋರ್ಟಲಿನಲ್ಲಿ ಕೆಲವು ಕಂಪನಿಗಳ ಸೇವಾ ವಿವರ ಸಿಗುತ್ತದೆ.

ಹಳೆಯ ಎಸಿ, ಹಳೆಯ ಫ್ಯಾನುಗಳಿಗೆ ಮಾತ್ರ ಈ ಮಾತು ಪೂರ್ತಿ ಹೊಂದುವುದಿಲ್ಲ. ಅವನ್ನು ಉಳಿಸಿಕೊಂಡಷ್ಟೂ ಕರೆಂಟು ಪೋಲು.

ಹಂತ 3: ಸ್ಟಾರ್ ಲೇಬಲ್ಲನ್ನು ಪೂರ್ತಿ ಓದಿ

ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿಯ ಸ್ಟಾರ್ ಚೀಟಿಯನ್ನು ಎಲ್ಲರೂ ನೋಡಿರುತ್ತೇವೆ, ನಕ್ಷತ್ರ ಎಣಿಸಿ ಸುಮ್ಮನಾಗುತ್ತೇವೆ. ಅದರ ಕೆಳಗೆ ಇನ್ನೂ ಮೂರು ವಿಷಯಗಳಿವೆ.

ಒಂದು, ಲೇಬಲ್ಲಿನ ಅವಧಿ. ಬ್ಯೂರೋ ಕಾಲಕಾಲಕ್ಕೆ ಮಾನದಂಡ ಬಿಗಿ ಮಾಡುತ್ತದೆ. 2022ರ ಜುಲೈನಲ್ಲಿ ಹೀಗೆ ಬಿಗಿಯಾದಾಗ ಅಲ್ಲಿಯವರೆಗೆ ಐದು ಸ್ಟಾರ್ ಇದ್ದ ಎಷ್ಟೋ ಎಸಿಗಳು ನಾಲ್ಕಕ್ಕೆ ಇಳಿದವು. ಗೋಡೌನಿನ ಹಳೆಯ ಮಾಲು ರಿಯಾಯಿತಿಯಲ್ಲಿ ಸಿಕ್ಕರೆ ಮೊದಲು ಈ ಅವಧಿ ನೋಡಿ. ಎರಡು, ಐಎಸ್‌ಇಇಆರ್ ಎಂಬ ಅಂಕಿ. ಅದು ಹೆಚ್ಚಿದ್ದಷ್ಟೂ ಅಷ್ಟೇ ತಂಪಿಗೆ ಕಡಿಮೆ ಕರೆಂಟು. ಐದು ಸ್ಟಾರಿನ ಎರಡು ಎಸಿಗಳಲ್ಲೂ ಈ ಅಂಕಿ ಬೇರೆ ಬೇರೆ ಇರಬಹುದು. ಮೂರು, ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಲೆಕ್ಕ. ಎಸಿಗೆ ಇದನ್ನು 1600 ಗಂಟೆಗೆ ಕಟ್ಟಿರುತ್ತಾರೆ. ನಿಮ್ಮ ಮನೆಯಲ್ಲಿ ಮಧ್ಯಾಹ್ನವೂ ಓಡಿದರೆ ಅದಕ್ಕೆ ತಕ್ಕಂತೆ ಹೆಚ್ಚಿಸಿಕೊಳ್ಳಿ. ಸೀಲಿಂಗ್ ಫ್ಯಾನಿಗೂ 2023ರಿಂದ ಸ್ಟಾರ್ ಲೇಬಲ್ ಕಡ್ಡಾಯ. ಟ್ರೂಪ್ ಬಜಾರಿನಲ್ಲಿ ಚೌಕಾಸಿ ಮಾಡುವಾಗ ಚೀಟಿಯಿಲ್ಲದ ಡಬ್ಬಿಯನ್ನು ಮುಟ್ಟಬೇಡಿ.

ಹಂತ 4: ಎಸಿಯ ಗ್ಯಾಸ್ ಯಾವುದು?

ಕಂಪನಿಯ ಕಾಳಜಿಯನ್ನು ಅಳೆಯಲು ನನಗೆ ಅತ್ಯಂತ ನಂಬಿಕೆಯ ಪ್ರಶ್ನೆ ಇದು. ಔಟ್‌ಡೋರ್ ಯೂನಿಟ್ಟಿನ ಪಕ್ಕದ ತಗಡಿನ ಪಟ್ಟಿಯಲ್ಲಿ ಆರ್-410ಎ, ಆರ್-32, ಆರ್-290 ಎಂದೇನೋ ಬರೆದಿರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಆರ್-410ಎ ಗಾಳಿಗೆ ಸೋರಿದರೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ 2,088 ಪಟ್ಟು ಬಿಸಿ ಹಿಡಿಯುತ್ತದೆ, ಆರ್-32 ಆದರೆ 675 ಪಟ್ಟು. ಆರ್-290 ಎಂದರೆ ಪ್ರೊಪೇನ್, ಅದರದು ತೀರಾ ಅಲ್ಪ. ಅದು ಹೊತ್ತಿಕೊಳ್ಳುವ ಅನಿಲವಾದ್ದರಿಂದ ತರಬೇತಾದ ಮೆಕ್ಯಾನಿಕ್ ಬೇಕು. ನಮ್ಮ ದೇಶದಲ್ಲಿ ಗೋದ್ರೆಜ್ ಕಂಪನಿ ಈ ಗ್ಯಾಸಿನ ಎಸಿಗಳನ್ನು ಹೊರತಂದಿದೆ.

ಮನೆ ಬದಲಿಸುವಾಗ ಎಸಿ ಬಿಚ್ಚುವ ಹುಡುಗ ‘ಸ್’ ಎಂದು ಗ್ಯಾಸನ್ನು ಗಾಳಿಗೆ ಬಿಟ್ಟುಬಿಡುವುದುಂಟು. ಗ್ಯಾಸನ್ನು ಯಂತ್ರದೊಳಕ್ಕೇ ಎಳೆದು ವಾಲ್ವ್ ಮುಚ್ಚಿ ಬಿಚ್ಚಲು ಬರುತ್ತದೆ. ಅದನ್ನು ಮೊದಲೇ ಹೇಳಿ, ಎದುರು ನಿಂತು ಮಾಡಿಸಿ.

ಹಂತ 5: ಕಂಪನಿಯ ವರದಿ ತೆರೆಯಿರಿ

ಷೇರುಪೇಟೆಯ ಮೊದಲ 1000 ಕಂಪನಿಗಳು ಬಿಆರ್‌ಎಸ್‌ಆರ್ ಎಂಬ ವರದಿ ಕೊಡಲೇಬೇಕು ಎಂದು ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ವೋಲ್ಟಾಸ್, ಬ್ಲೂಸ್ಟಾರ್, ಹ್ಯಾವೆಲ್ಸ್ ಎಲ್ಲವೂ ಇದರೊಳಗೆ ಬರುತ್ತವೆ. ಕಂಪನಿಯ ಹೆಸರಿನ ಜತೆ ‘ಬಿಆರ್‌ಎಸ್‌ಆರ್’ ಎಂದು ಹುಡುಕಿದರೆ ಪಿಡಿಎಫ್ ಸಿಗುತ್ತದೆ. ಇಡೀ ವರದಿ ಓದಬೇಡಿ, ಆರನೇ ತತ್ವಕ್ಕೆ ಹೋಗಿ. ಪರಿಸರದ ಲೆಕ್ಕ ಅಲ್ಲಿದೆ. ಹೊಗೆಯನ್ನು ಮೂರು ‘ಸ್ಕೋಪ್’ಗಳಾಗಿ ಹಂಚಿರುತ್ತಾರೆ.

ಸ್ಕೋಪ್ 1 ಎಂದರೆ ಕಂಪನಿಯ ಸ್ವಂತ ಬಾಯ್ಲರು, ಜನರೇಟರುಗಳ ಹೊಗೆ. ಸ್ಕೋಪ್ 2 ಎಂದರೆ ಅದು ಕೊಂಡ ಕರೆಂಟಿನ ಹಿಂದಿನದು. ಸ್ಕೋಪ್ 3 ಎಂದರೆ ಉಳಿದದ್ದೆಲ್ಲ: ಉಕ್ಕು, ತಾಮ್ರ, ಲಾರಿ ಸಾಗಣೆ, ಕೊನೆಗೆ ನಮ್ಮ ಮನೆಯಲ್ಲಿ ಆ ಯಂತ್ರ ಓಡುವ ಕರೆಂಟು. ಎಸಿ, ಫ್ರಿಜ್ಜುಗಳಲ್ಲಿ ಭಾರವೆಲ್ಲ ಈ ಮೂರನೆಯದರಲ್ಲೇ. ಅದನ್ನು ಖಾಲಿ ಬಿಟ್ಟ ಕಂಪನಿ ‘ಕಾರ್ಬನ್ ನ್ಯೂಟ್ರಲ್’ ಎಂದರೆ ಅದು ತನ್ನ ಕಾರ್ಖಾನೆಯ ಕಾಂಪೌಂಡಿನೊಳಗಿನ ಮಾತಷ್ಟೇ ಎಂದು ತಿಳಿಯಿರಿ.

ಇನ್ನೊಂದು ಸೂಕ್ಷ್ಮ. ‘ಒಂದು ರೂಪಾಯಿ ವಹಿವಾಟಿಗೆ ಇಷ್ಟು’ ಎಂಬ ಸಾಲಿಗಿಂತ ಒಟ್ಟು ಟನ್ನುಗಳ ಸಾಲನ್ನು ನೋಡಿ. ಬೆಲೆ ಏರಿದರೂ ಮೊದಲ ಸಾಲು ಇಳಿಯುತ್ತದೆ, ಆದರೆ ಆಕಾಶಕ್ಕೆ ಸೇರುವುದು ಟನ್ನು. ಎರಡು ವರ್ಷದ ಅಂಕಿ ಅಕ್ಕಪಕ್ಕ ಇರುತ್ತದೆ, ಹೋಲಿಸುವುದು ಸುಲಭ. ಕಂಪನಿ ಹೊಗೆ ಇಳಿಸುವ ಗುರಿ ಇಟ್ಟುಕೊಂಡಿದ್ದರೆ ಯಾವ ವರ್ಷಕ್ಕೆ ಹೋಲಿಸಿ, ಯಾವ ವರ್ಷದೊಳಗೆ ಎಂದು ಕೇಳಿ. ಸೈನ್ಸ್ ಬೇಸ್ಡ್ ಟಾರ್ಗೆಟ್ಸ್ ಇನಿಶಿಯೇಟಿವ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ತಾನು ಪರಿಶೀಲಿಸಿದ ಗುರಿಗಳ ಪಟ್ಟಿಯನ್ನು ಜಾಲತಾಣದಲ್ಲಿಟ್ಟಿದೆ. 2050ರ ದೂರದ ಭರವಸೆಗಿಂತ 2030ರ ಹತ್ತಿರದ ಗುರಿಗೆ ಹೆಚ್ಚು ಬೆಲೆ ಕೊಡಿ.

ಹಂತ 6: ಬಣ್ಣ, ಟೈಲ್ಸ್

ಮನೆ ಕಟ್ಟಿಸುವವರಿಗೆ ಈ ಊರಲ್ಲೇ ಅನುಕೂಲವಿದೆ. ಹೈಟೆಕ್ ಸಿಟಿ ಬಳಿಯ ಸಿಐಐ-ಸೊಹ್ರಾಬ್‌ಜಿ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರನ್ನು 2004ರ ಜುಲೈ 14ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದ್ದರು. ಇದೇ ಕೇಂದ್ರ ‘ಗ್ರೀನ್‌ಪ್ರೋ’ ಮುದ್ರೆ ಕೊಡುತ್ತದೆ. ಸಿಮೆಂಟು, ಬಣ್ಣ, ಟೈಲ್ಸ್ ಆರಿಸುವಾಗ ಅದರ ಪಟ್ಟಿ ನೋಡಿಕೊಂಡೇ ಅಂಗಡಿಗೆ ಹೋಗಿ.

ಹಂತ 7: ಊಟ, ಬಟ್ಟೆ

ಇಲ್ಲಿ ಬಿಆರ್‌ಎಸ್‌ಆರ್ ಸಿಗುವುದಿಲ್ಲ, ಬೆಳೆದವರನ್ನೇ ವಿಚಾರಿಸಬೇಕು. ಯೂರಿಯಾ ಸುರಿದ ಮಣ್ಣಿನಿಂದ ಏಳುವ ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಪ್ರಬಲ, ನೀರು ನಿಂತ ಗದ್ದೆ ಮೀಥೇನ್ ಬಿಡುತ್ತದೆ. ಮಳೆಯಾಶ್ರಯದಲ್ಲಿ, ರಾಸಾಯನಿಕ ಗೊಬ್ಬರವಿಲ್ಲದೆ ಬೆಳೆದ ಜೋಳ, ನವಣೆ, ಸಾಮೆ ಈ ಎರಡರಿಂದಲೂ ದೂರ.

ಇದನ್ನು ಬದುಕಿ ತೋರಿಸಿದ ಜಾಗ ಜಹೀರಾಬಾದ್. 1956ಕ್ಕೆ ಮೊದಲು ಬೀದರ್ ಜಿಲ್ಲೆಗೇ ಸೇರಿದ್ದ ಸೀಮೆ ಅದು. ಮೈಸೂರಿನಲ್ಲಿ ಹುಟ್ಟಿ ದೂರದರ್ಶನದಲ್ಲಿ ದುಡಿದ ಪಿ.ವಿ. ಸತೀಶ್ ಅವರು 1983ರಲ್ಲಿ ಗೆಳೆಯರೊಡನೆ ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಅದರ ಸಂಘಗಳ ದಲಿತ ಹೆಣ್ಣುಮಕ್ಕಳು ಒಂದೇ ಹೊಲದಲ್ಲಿ ಹತ್ತಾರು ಬಗೆ ಬಿತ್ತುತ್ತಾರೆ. ಮಳೆ ಕೈಕೊಟ್ಟ ವರ್ಷವೂ ಯಾವುದೋ ಒಂದು ಬೆಳೆ ಕೈಹಿಡಿಯುತ್ತದೆ. ಸೊಸೈಟಿಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು, ಸತೀಶ್ 2023ರಲ್ಲಿ ತೀರಿಕೊಂಡರು. ಅಂಥ ಹೊಲಗಳ ಧಾನ್ಯವನ್ನು ಹುಡುಕಿ ಕೊಳ್ಳಿ. ರೈತ ಸಹಕಾರಿಗಳ ಒಕ್ಕೂಟವಾದ ‘ಸಹಜ ಆಹಾರಂ’ ಕೂಡ ಹೈದರಾಬಾದಿನದೇ. ತರಕಾರಿಗೆ ಎರ್ರಗಡ್ಡ, ಮೆಹದಿಪಟ್ನಂಗಳ ರೈತು ಬಜಾರುಗಳಿವೆ. ಅಲ್ಲಿ ಯಾವ ಊರಿಂದ ತಂದಿರಿ, ಏನು ಗೊಬ್ಬರ ಎಂದು ನೇರ ಕೇಳಬಹುದು.

ಬಟ್ಟೆಗೆ ಹೈದರಾಬಾದಿನ ‘ಮಲ್ಖಾ’ ನೋಡಿ. ಹತ್ತಿಯನ್ನು ಅದುಮಿ ಬೇಲ್ ಕಟ್ಟದೆ, ಬೆಳೆವ ಜಾಗದ ಹತ್ತಿರವೇ ನೂತು ಕೈಮಗ್ಗದಲ್ಲಿ ನೇಯ್ದ ಬಟ್ಟೆ. ಮಗ್ಗಕ್ಕೆ ಕರೆಂಟು ಬೇಡ.

ಹಂತ 8: ಸುಳ್ಳು ಕಂಡರೆ ಬಿಡಬೇಡಿ

ಆಧಾರವಿಲ್ಲದ ಹಸಿರು ಮಾತಿಗೆ ಕಡಿವಾಣ ಹಾಕಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ‘ಪರಿಸರಸ್ನೇಹಿ’ ಎಂದು ಬರೆದವರು ಅದಕ್ಕೆ ಪುರಾವೆ ಕೊಡಬೇಕು, ಗ್ರಾಹಕರ ಕೈಗೆ ಸಿಗುವಂತೆ ಇಡಬೇಕು. ಮೊದಲು ಕಂಪನಿಗೇ ಇಮೇಲ್ ಮಾಡಿ, ಯಾವ ಪರೀಕ್ಷೆ, ಯಾರು ಮಾಡಿದ್ದು ಎಂದು ಎರಡೇ ಸಾಲು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಡಬ್ಬಿಯ ಫೋಟೊ, ಬಿಲ್ಲು, ಕಳಿಸಿದ ಇಮೇಲಿನ ಪ್ರತಿಯನ್ನು ಮೊದಲೇ ತೆಗೆದಿಟ್ಟುಕೊಂಡಿರಿ.