ರಕ್ತಕಣದ ಗುರುತು ಮತ್ತು ಬಾಂಬೆ ರಕ್ತಗುಂಪು

ದೇಹದೊಳಗಿನ ಜೀವಕೋಶವು ಸ್ವಂತದ್ದೋ ಪರಕೀಯವೋ ಎಂಬುದನ್ನು ರೋಗನಿರೋಧಕ ವ್ಯವಸ್ಥೆಯು ಅದರ ಹೊರಮೈಯಲ್ಲಿರುವ ಗುರುತುಗಳಿಂದ ತಿಳಿಯುತ್ತದೆ. ಈ ಗುರುತುಗಳಿಗೆ ಪ್ರತಿಜನಕಗಳೆಂದು ಹೆಸರು. ಬೀಗಕ್ಕೆ ತಕ್ಕ ಬೀಗದಕೈಯಂತೆ ಒಂದೊಂದು ಪ್ರತಿಕಾಯವೂ ತನಗೆ ಹೊಂದುವ ಪ್ರತಿಜನಕಕ್ಕೆ ಅಂಟಿಕೊಳ್ಳುತ್ತದೆ. ಸ್ವಂತ ಕೋಶಗಳ ಗುರುತಿನ ವಿರುದ್ಧ ಸಾಮಾನ್ಯವಾಗಿ ಪ್ರತಿಕಾಯಗಳು ಉಂಟಾಗುವುದಿಲ್ಲ.

ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರು ಒಬ್ಬರ ರಕ್ತಸಾರವನ್ನು ಮತ್ತೊಬ್ಬರ ಕೆಂಪು ರಕ್ತಕಣಗಳೊಡನೆ ಬೆರೆಸಿದಾಗ ಕೆಲವು ಜೋಡಿಗಳಲ್ಲಿ ಮಾತ್ರ ಕಣಗಳು ಗಂಟುಕಟ್ಟಿದುದನ್ನು ಕಂಡು, 1901ರಲ್ಲಿ ರಕ್ತಗುಂಪುಗಳನ್ನು ವಿವರಿಸಿದರು. ಈ ಗುಂಪುಗಳ ಗುರುತುಗಳು ಸಕ್ಕರೆಯ ಅಣುಗಳಿಂದಾದವು. ‘ಎಚ್’ ಎಂಬ ಮೂಲ ಗುರುತಿಗೆ ಒಂದು ಬಗೆಯ ಸಕ್ಕರೆ ಸೇರಿದರೆ ‘ಎ’, ಮತ್ತೊಂದು ಬಗೆಯದು ಸೇರಿದರೆ ‘ಬಿ’. ಏನೂ ಸೇರದೆ ‘ಎಚ್’ ಹಾಗೆಯೇ ಉಳಿದರೆ ‘ಓ’. ಆರ್‌ಎಚ್ ಅಂಶವನ್ನು ಬೇರೆಯಾಗಿ ಪರಿಶೀಲಿಸಬೇಕಾದರೂ, ‘ಓ’ ಗುಂಪಿನ ಕಣಗಳು ಎಲ್ಲರಿಗೂ ಸಲ್ಲುತ್ತವೆಂಬ ಎಣಿಕೆಗೆ ಇದೇ ಆಧಾರ.

ಈ ಎಣಿಕೆಗೆ ಅಪವಾದವು ದೊರೆತದ್ದು ಮುಂಬಯಿಯಲ್ಲಿ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು, ‘ಎಚ್’ ಗುರುತೂ ಇಲ್ಲದ ರಕ್ತವನ್ನು ವರದಿ ಮಾಡಿದರು. ಇದೇ ಬಾಂಬೆ ರಕ್ತಗುಂಪು. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗೆ ಇದು ಇರುವುದೆಂದು ಅಂದಾಜು.

ಅಪಾಯವಿರುವುದು ಹೆಸರಿನ ಚೀಟಿಯಲ್ಲಿ. ಇಂತಹವರ ಕಣಗಳಲ್ಲಿ ‘ಎ’, ‘ಬಿ’ ಎರಡೂ ಇಲ್ಲದ ಕಾರಣ, ಕಣಗಳನ್ನಷ್ಟೇ ಪರೀಕ್ಷಿಸಿದರೆ ಫಲಿತಾಂಶ ‘ಓ’ ಎಂದೇ ಬರುತ್ತದೆ. ಆದರೆ ಅವರ ದೇಹಕ್ಕೆ ‘ಎಚ್’ ಪರಕೀಯ. ಅದರ ವಿರುದ್ಧ ಪ್ರಬಲ ಪ್ರತಿಕಾಯಗಳು ರಕ್ತದಲ್ಲಿ ಮೊದಲೇ ಸಿದ್ಧವಾಗಿರುತ್ತವೆ. ‘ಎಚ್’ ಹೇರಳವಾಗಿರುವುದು ‘ಓ’ ಕಣಗಳಲ್ಲೇ. ಅವನ್ನು ಕೊಟ್ಟರೆ ಕಣಗಳು ಒಡೆದು, ಮೂತ್ರಪಿಂಡಗಳು ಕೆಟ್ಟು, ಪ್ರಾಣಕ್ಕೇ ಎರವಾಗಬಹುದು. ರೋಗಿಯ ರಕ್ತಸಾರವನ್ನು ‘ಓ’ ಕಣಗಳೊಡನೆ ಬೆರೆಸಿ ನೋಡಿದರೆ ಗಂಟುಕಟ್ಟುವುದರಿಂದ ಈ ಗುಂಪು ಬಯಲಾಗುತ್ತದೆ. ರಕ್ತ ನೀಡುವ ಮುನ್ನ ದಾನಿಯ ಕಣಗಳನ್ನೂ ರೋಗಿಯ ರಕ್ತಸಾರವನ್ನೂ ಹೊಂದಿಸಿ ನೋಡುವ ಪರೀಕ್ಷೆಯನ್ನು ಆದ್ದರಿಂದಲೇ ಬಿಡಬಾರದು.

ಮತ್ತೊಂದು ಸಂಗತಿ ಕುಟುಂಬಗಳಿಗೆ ತಿಳಿದಿರುವುದು ಒಳಿತು. ಬಾಂಬೆ ಗುಂಪಿನವರಲ್ಲಿ ‘ಎ’ ಅಥವಾ ‘ಬಿ’ ವಂಶವಾಹಿ ಇದ್ದರೂ, ಮೂಲ ಗುರುತೇ ಇಲ್ಲದುದರಿಂದ ಅದು ಪ್ರಕಟವಾಗದು, ಮಕ್ಕಳಲ್ಲಿ ಪ್ರಕಟವಾಗಬಹುದು. ‘ಓ’ ಎಂದು ದಾಖಲಾದ ತಂದೆಗೆ ‘ಎಬಿ’ ಗುಂಪಿನ ಮಗು ಹುಟ್ಟಿತೆಂಬ ಮಾತ್ರಕ್ಕೆ ಮಾತೃತ್ವ-ಪಿತೃತ್ವಗಳನ್ನು ಶಂಕಿಸುವುದು ಅನ್ಯಾಯ.

ಈ ಗುಂಪಿನವರಿಗೆ ಇದೇ ಗುಂಪಿನವರ ರಕ್ತವೇ ಬೇಕು. ಒಬ್ಬರಲ್ಲಿ ಇದು ಕಂಡುಬಂದರೆ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು. ತಂದೆತಾಯಿಗಳಿಬ್ಬರೂ ಈ ಗುಣದ ವಾಹಕರಾಗಿದ್ದಲ್ಲಿ ಪ್ರತಿ ಮಗುವಿಗೂ ಇದು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮುಂಚಿತವಾಗಿ ಗೊತ್ತಾದ ಶಸ್ತ್ರಚಿಕಿತ್ಸೆಯಾದರೆ, ವೈದ್ಯರ ಸಲಹೆಯಂತೆ ರೋಗಿಯ ಸ್ವಂತ ರಕ್ತವನ್ನೇ ಸಂಗ್ರಹಿಸಿಡಬಹುದು.