ಅಣ್ಣ ಊರ ಮುಂದೆ ಹೇಳಲಿ ಬಿಡಿ

ಕುಡಿತ ಬಿಟ್ಟ ಅಣ್ಣ ಅದನ್ನು ನಾಲ್ಕು ಜನರೆದುರು ಹೇಳಿಕೊಳ್ಳಲು ಹೊರಟಿದ್ದಾರೆ, ತಡೆಯಲೇ ಎಂದು ಭದ್ರಾವತಿಯ ಓದುಗರೊಬ್ಬರು ಕೇಳಿದ್ದಾರೆ. ಮನೆಯಲ್ಲಿ ತಂಗಿಯ ಮದುವೆ ಮಾತುಕತೆ ನಡೆದಿದೆಯಂತೆ, ಅಳುಕು ಸಹಜವೇ.

ತಡೆಯಬೇಕಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ನಡೆಯುವುದೇ ಊರ ನಡುವೆ. ಕುಡಿತ ಬಿಟ್ಟವರು ಬಳಿಕ ತಮ್ಮಂಥವರದೇ ನವಜೀವನ ಸಮಿತಿ ಸೇರುತ್ತಾರೆ. ಪಕ್ಕದ ಮನೆಯವನೇ ಎದ್ದು ‘ನಾನೂ ಕುಡಿಯುತ್ತಿದ್ದೆ’ ಎಂದಾಗ ‘ಕುಡುಕ’ ಎಂಬ ಹಣೆಪಟ್ಟಿಯ ಅಂಟು ಸಡಿಲವಾಗುತ್ತದೆ. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಬರಹ, ಸಿನಿಮಾಗಳ ಮೂಲಕ ಮನೋರೋಗದ ಮಾತನ್ನು ಜನರ ನಡುವೆ ತಂದಿದ್ದೂ ಇದೇ ಜಿಲ್ಲೆಯಲ್ಲಿದ್ದುಕೊಂಡು.

ಹಾಗಂತ ಬಲವಂತ ಸಲ್ಲ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಕುಡಿತ ಬಿಡುವವರ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್ ಬೆಳೆದದ್ದೇ ಸದಸ್ಯರ ಹೆಸರು ಗುಟ್ಟಾಗಿಟ್ಟು. ಎಷ್ಟು ಹೇಳಬೇಕೆಂಬುದು ಅಣ್ಣನ ನಿರ್ಧಾರ. ಅತ್ತಿಗೆ ಪಟ್ಟ ಪಾಡನ್ನು ವೇದಿಕೆಗೆ ತರುವುದಿದ್ದರೆ ಮಾತ್ರ ಅವರನ್ನು ಕೇಳಲೇಬೇಕು. ಮತ್ತೆ ಸೆಳೆತ ಕಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.